ಹನಮಂತವ್ವನ ಹೊಲದ ದಾರಿ

ಏಪ್ರಿಲ್ 24, 2025, ಗುರುವಾರ. ಲಕ್ಷ್ಮೇಶ್ವರ

ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್. ಏಳು ವಾರ ಕಾಲು ನೆಲಕ್ಕೆ ಊರುವಂತಿಲ್ಲ. ಡಾಕ್ಟರು ಒಂದು ಸಲ ಹೇಳಿದ್ದನ್ನು ಹೆಂಡತಿ ಮಂಜವ್ವ ದಿನಕ್ಕೆ ಹತ್ತು ಸಲ ಹೇಳುತ್ತಾಳೆ, ನಾನೇನೋ ಎದ್ದು ಕುಸ್ತಿ ಆಡಲಿಕ್ಕೆ ಹೊರಟವನ ಹಾಗೆ. ಬೆಳಿಗ್ಗೆ ಚಹಾ ಆರಿದೆ ಎಂದು ಬೈದೆ. ಮಗಳ ಹಳೆಯ ನೋಟ್‌ಬುಕ್ಕೊಂದನ್ನು ತಂದು ನನ್ನ ತೊಡೆಯ ಮೇಲೆ ಒಗೆದಳು.

"ಬೈಯೋದೆಲ್ಲಾ ಇದರಾಗ ಬರೀರಿ. ನನ್ನ ಕಿವಿಗೆ ಸ್ವಲ್ಪ ಸೂಟಿ ಕೊಡ್ರಿ."

ಸರಿ, ಬರೆಯುತ್ತೇನೆ. ನಾನು ಕೊಟ್ರೇಶ. ಇಪ್ಪತ್ತೆರಡು ವರ್ಷದಿಂದ ಗೂಡ್ಸ್ ಗಾಡಿ ಹೊಡೆಯುವವನು. ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ, ಇವುಗಳ ನಡುವೆ ಎಲ್ಲಿ ತಗ್ಗು, ಎಲ್ಲಿ ದಿನ್ನೆ, ಕಣ್ಣು ಕಟ್ಟಿಕೊಂಡು ಹೇಳಬಲ್ಲೆ. ಅಂಥವನು ಕಳೆದ ಶನಿವಾರ ಡೋಣಿ ಊರಿನ ಆಚೆ ಹೊಸ ಗಿರಾಕಿಯ ಮನೆಗೆ ಟೈಲ್ಸ್ ಒಯ್ಯುವಾಗ ಫೋನಿನ ನಕ್ಷೆಯನ್ನು ನಂಬಿದೆ. "ನೇರವಾಗಿ ಮುಂದುವರಿಯಿರಿ" ಎಂದಳು ಫೋನಿನೊಳಗಿನವಳು. ಮುಂದೆ ನೋಡಿದರೆ ರಸ್ತೆಯನ್ನೇ ಕಡಿದು ಕಾಲುವೆ ತೋಡಿದ್ದಾರೆ! ಗಾಡಿ ಸರಿಯಾಗಿಯೇ ನಿಲ್ಲಿಸಿದೆ. ಇಳಿದು, ಫೋನಿಗೂ ಕಾಲುವೆಗೂ ಒಟ್ಟಿಗೆ ಬೈಯುತ್ತ ಅಂಚಿಗೆ ಹೋದೆ. ಅಂಚು ಕುಸಿಯಿತು.

ಟೈಲ್ಸ್ ಒಂದೂ ಒಡೆಯಲಿಲ್ಲ ಎಂದು ಗಿರಾಕಿಗೆ ಸಮಾಧಾನ.

ಏಪ್ರಿಲ್ 27, ಭಾನುವಾರ

ಅಂಕಿತಾ ಬಂದಿದ್ದಾಳೆ. ಗದಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವ ಮಗಳು. ನಾನು ನಕ್ಷೆಯವರಿಗೆ ಬೈಯುವುದನ್ನು ಅರ್ಧ ತಾಸು ಕೇಳಿ ಹೇಳಿದಳು: "ಅಪ್ಪಾ, ಅದನ್ನ ಆಫೀಸಿನ್ಯಾಗ ಕುಂತವ್ರು ಬರಿಯೂದಲ್ಲ. ನಮ್ಮಂಥಾ ಮಂದಿನ ಬರೀತಾರ. ತಪ್ಪಿದ್ರ ನೀನ ತಿದ್ದು."

"ಯಾರ ಬೇಕಾದ್ರೂ ಬರೀಬಹುದಾ?"

"ಯಾರ ಬೇಕಾದ್ರೂ."

ಅದಕ್ಕೇ ಹೀಗಿದೆ ಎಂದೆ. ಆದರೂ ಅವಳ ಲ್ಯಾಪ್‌ಟಾಪ್ ತೆಗೆದುಕೊಂಡು ಕುಳಿತೆ. ಹೊಸಬರಿಗೆಂದು ಹದಿನಾಲ್ಕು ಪಾಠಗಳಿವೆ. ಮೊದಲನೆಯದು: ನಿಮಗೆ ಚೆನ್ನಾಗಿ ಗೊತ್ತಿರುವ ಪ್ರದೇಶದಿಂದ ಆರಂಭಿಸಿ. ನನಗೆ ಗೊತ್ತಿಲ್ಲದ ಪ್ರದೇಶ ಇಲ್ಲಿ ಯಾವುದಿದೆ? ಉಳಿದ ಹದಿಮೂರು ಓದಲಿಲ್ಲ.

ಮೊದಲು ಡೋಣಿಯ ಆ ರಸ್ತೆಯನ್ನು ಕಾಲುವೆಯ ಹತ್ತಿರ ಕತ್ತರಿಸಿದೆ. ಇಡೀ ವಾರದಲ್ಲಿ ಮನಸ್ಸಿಗೆ ಹಿತವಾದ ಕೆಲಸ ಅದೊಂದೇ.

ಏಪ್ರಿಲ್ 30, ಬುಧವಾರ

ನನ್ನ ಬದಲಿಗೆ ಈಗ ಹುಲಿಗೇಶ ಗಾಡಿ ಹೊಡೆಯುತ್ತಾನೆ. ಎರಡು ಮಕ್ಕಳ ತಂದೆ, ಒಳ್ಳೆಯವನು, ಆದರೆ ಫೋನು ಹೇಳಿದರೆ ಬಾವಿಗೂ ಇಳಿಸುವವನು. ಭಾನುವಾರ ರಾತ್ರಿಯೇ ನಾನು ಮಾರ್ಕೆಟ್ಟಿನ ಹಿಂದಿನ ಹೊಸ ಕಾಂಕ್ರೀಟ್ ರಸ್ತೆ ಬರೆದಿದ್ದೆ. ಇವತ್ತು ಮಧ್ಯಾಹ್ನ ಅವನ ಫೋನು.

"ಅಣ್ಣಾರ, ಫೋನು ಶಿರಹಟ್ಟಿ ಹಾದ್ಯಾಗ ಕರಕೊಂಡು ಹೊಂಟೈತ್ರಿ."

"ಲೇ, ಮಾರ್ಕೆಟ್ಟಿಗೆ ಹೋಗಾಕ ಶಿರಹಟ್ಟಿ ಯಾಕೋ? ಎದುರಿಗೆ ಐತಿ!"

"ಎದುರಿಗೆ ಕಾಣತೈತ್ರಿ. ಅದು ಬ್ಯಾಡ ಅಂತೈತ್ರಿ."

ಎರಡು ತಾಸು ಹುಡುಕಿದ ಮೇಲೆ ತಿಳಿಯಿತು. ನನ್ನ ರಸ್ತೆಯ ತುದಿ ಹಳೆಯ ರಸ್ತೆಯ ಮೇಲೆ ಬಿದ್ದಿದೆ, ಆದರೆ ಅದಕ್ಕೆ ಜೋಡಣೆಯಾಗಿಲ್ಲ. ಕಣ್ಣಿಗೆ ಕೂಡಿದ ಹಾಗೆ ಕಾಣುತ್ತದೆ, ಯಂತ್ರದ ಲೆಕ್ಕದಲ್ಲಿ ಎರಡರ ನಡುವೆ ಸಂಬಂಧವೇ ಇಲ್ಲ. ಕೂಡುವ ಜಾಗದಲ್ಲಿ ಚುಕ್ಕೆಗೆ ಚುಕ್ಕೆ ಅಂಟಿಸಬೇಕಂತೆ. ಅದು ಮೂರನೆಯ ಪಾಠದಲ್ಲಿತ್ತು.

ಮೇ 3, ಶನಿವಾರ

ಅಡರಕಟ್ಟಿ ನನ್ನ ಹುಟ್ಟೂರು. ಅದರ ಅಗಸಿ ಬಾಗಿಲಿನಿಂದ ಹೊರಡುವ ರಸ್ತೆ ನಕ್ಷೆಯಲ್ಲಿ ಓರೆಕೋರೆಯಾಗಿತ್ತೆಂದು ನೆಟ್ಟಗೆ ಮಾಡಿದೆ. ಮಾಡುವಾಗ ಏನನ್ನೋ ಒತ್ತಿ ಅದನ್ನು ಏಕಮುಖ ಸಂಚಾರ ಮಾಡಿಬಿಟ್ಟಿದ್ದೇನೆ. ಎರಡು ದಿನದಿಂದ ನಕ್ಷೆಯ ಪ್ರಕಾರ ನಮ್ಮೂರಿನಿಂದ ಯಾರು ಬೇಕಾದರೂ ಹೊರಗೆ ಹೋಗಬಹುದು, ಒಳಗೆ ಮಾತ್ರ ಬರುವಂತಿಲ್ಲ. ಅಂಕಿತಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಪ್ಲಾಸ್ಟರಿನೊಳಗೆ ತುರಿಕೆ, ಮಂಜವ್ವ ರೊಟ್ಟಿ ಬಡಿಯುವ ಸದ್ದು, ಮೇಲೆ ಈ ಬಿಸಿಲು.

ಮೇ 9, ಶುಕ್ರವಾರ

ನನ್ನ ತಿದ್ದುಪಡಿಗಳನ್ನು ಪರೀಕ್ಷಿಸುವವನೊಬ್ಬನಿದ್ದಾನೆ ಎಂದು ಇವತ್ತು ಗೊತ್ತಾಯಿತು. ಹೆಸರು ಸಮೀವುಲ್ಲಾ. ಬೆಟಗೇರಿಯವನು. ಸೀರೆ ಅಂಗಡಿಯಲ್ಲಿ ಕೆಲಸ, ಬಿಡುವಿನಲ್ಲಿ ಈ ನಕ್ಷೆಯ ಚಾಕರಿ. ಆರು ವರ್ಷದಿಂದ ಮಾಡುತ್ತಿರುವುದರಿಂದ ಜಿಲ್ಲೆಯ ಹೊಸಬರೆಲ್ಲ ಅವನ ಕೈಕೆಳಗೆ. ನಮ್ಮ ಮನೆಯ ಮುಂದಿನ ಓಣಿಗೆ ಹೆಸರಿರಲಿಲ್ಲ, ನಾನು 'ಕೊಟ್ರೇಶ ರಸ್ತೆ' ಎಂದಿಟ್ಟಿದ್ದೆ. ತೆಗೆದುಹಾಕಿ ಸಂದೇಶ ಕಳಿಸಿದ್ದಾನೆ:

"ಅಣ್ಣಾರ, ಈ ಹೆಸರಿನ ಬೋರ್ಡ್ ಐತೇನ್ರಿ ಅಲ್ಲಿ?"

"ಹಾಕಸ್ತೀನಿ" ಎಂದು ಬರೆದೆ.

"ಹಾಕಿಸಿ ಆಮ್ಯಾಲ ಹೇಳ್ರಿ."

ಎಷ್ಟು ಸೊಕ್ಕು! ನಾನು ಸ್ಟಿಯರಿಂಗ್ ಹಿಡಿದಾಗ ಇವನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಿರಬೇಕು.

ಮೇ 14, ಬುಧವಾರ

ಇವತ್ತಿನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಳ್ಳಬೇಕು.

ಅಡರಕಟ್ಟಿಯಿಂದ ಹಳ್ಳದ ಆಚೆಯ ಡಾಂಬರು ರಸ್ತೆಗೆ ಹೋಗಲಿಕ್ಕೆ ಐದು ಕಿಲೋಮೀಟರ್ ಸುತ್ತು. ಹನಮಂತವ್ವನ ಹೊಲದ ನಡುವೆ ಹಾಯ್ದರೆ ಒಂದೇ ಕಿಲೋಮೀಟರ್. ಎತ್ತಿನ ಬಂಡಿ, ಟ್ರ್ಯಾಕ್ಟರ್, ನನ್ನ ಗಾಡಿ, ಎಲ್ಲವೂ ಓಡಾಡುವ ದಾರಿ ಅದು. ಇಂಥ ದಾರಿ ನಕ್ಷೆಯಲ್ಲಿ ಇಲ್ಲ! ಉಪಗ್ರಹದ ಚಿತ್ರದಲ್ಲಿ ಗಾಲಿಯ ಜಾಡು ಬೆಳ್ಳಗೆ ಎದ್ದು ಕಾಣುತ್ತದೆ. ಅದರ ಮೇಲೇ ಗೆರೆ ಎಳೆದೆ. ಎರಡೂ ತುದಿಯಲ್ಲಿ ಚುಕ್ಕೆಗೆ ಚುಕ್ಕೆ ಅಂಟಿಸಿದೆ. ಎರಡೂ ಕಡೆ ಸಂಚಾರ, ಎಲ್ಲ ವಾಹನಗಳಿಗೂ ಮುಕ್ತ. ಹೆಸರು, ಊರವರು ಕರೆಯುವಂತೆಯೇ, 'ಹನಮಂತವ್ವನ ಹೊಲದ ದಾರಿ'.

ಸಮೀವುಲ್ಲಾನಿಗೆ ಇದರಲ್ಲೂ ಕೊಂಕು.

"ಅಣ್ಣಾರ, ಹೋದ ವರ್ಷದ ಮಳಿಗಾಲದ ಚಿತ್ರದಾಗ ಅಲ್ಲಿ ದಾರಿ ಕಾಣಂಗಿಲ್ರಿ, ಬೆಳಿ ಐತಿ. ವರ್ಷಪೂರ್ತಿ ಇರೋ ದಾರಿ ಹೌದೇನ್ರಿ? ಹೊಲದವ್ರನ್ನ ಕೇಳೀರೇನ್ರಿ?"

"ಯಾರನ್ನ ಕೇಳೂದು? ನಾ ಅಲ್ಲೇ ಹುಟ್ಟಿದಾವ. ಇಪ್ಪತ್ತ ವರ್ಷ ಅಲ್ಲಿ ಗಾಡಿ ಹೊಡದೀನಿ."

ಉತ್ತರ ಬಂತು: "ಆತ್ರಿ. ನೀವು ಊರಿನವ್ರು, ನಿಮ್ಮ ಮಾತಿನ ಮ್ಯಾಲ ಬಿಟ್ಟೆ."

ಕೊನೆಗೂ ಬಾಯಿ ಮುಚ್ಚಿಸಿದೆ.

ಮೇ 22, ಗುರುವಾರ

ಹನ್ನೊಂದು ರಸ್ತೆ. ಸೆಖೆ. ಮಂಜವ್ವನ ಜೊತೆ ಮಾತಿಲ್ಲ.

ಜೂನ್ 3, ಮಂಗಳವಾರ

ಎರಡು ದಿನ ಒಳ್ಳೆಯ ಮಳೆ. ಎರೆಮಣ್ಣಿನ ಕಡೆ ಹೆಸರುಕಾಳು ಬಿತ್ತನೆ ಶುರುವಾಗಿದೆ ಎಂದು ಹುಲಿಗೇಶ ಹೇಳಿದ. ಬಿತ್ತನೆ ಬೀಜದ ಬಾಡಿಗೆ ಜೋರಾಗಿದೆ, ನಾನು ಇಲ್ಲಿ ಮಂಚದ ಮೇಲೆ. ಯಾರೋ ಒಬ್ಬ ನನ್ನ ಅಡರಕಟ್ಟಿ ದಾರಿಗೆ ಧನ್ಯವಾದ ಹೇಳಿ ಸಂದೇಶ ಕಳಿಸಿದ್ದಾನೆ, ಬಹಳ ಸಮಯ ಉಳಿಯಿತಂತೆ. ಮಂಜವ್ವನಿಗೆ ತೋರಿಸಿದೆ. "ಕಾಲು ನೆಟ್ಟಗಾಗಲಿ ಮೊದಲ" ಎಂದಳು.

ಜೂನ್ 13, ಶುಕ್ರವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಸಣಕಲಾಗಿದೆ. ಇನ್ನೂ ಒಂದು ತಿಂಗಳು ಗಾಡಿ ಹೊಡೆಯುವಂತಿಲ್ಲವಂತೆ. ಕೋಲು ಹಿಡಿದು ನಡೆಯಬೇಕು. ಡಾಕ್ಟರ ಮುಖ ನೋಡಲಿಕ್ಕೂ ಬೇಸರ.

ಜೂನ್ 24, ಮಂಗಳವಾರ

ಹುಲಿಗೇಶ ಸಂಜೆ ಗಾಡಿ ಬಿಡಲಿಕ್ಕೆ ಬಂದವನು ಹೋಗದೆ ನಿಂತ.

"ಅಣ್ಣಾರ, ಅಡರಕಟ್ಟ್ಯಾಗ ಹನಮಂತವ್ವನ ಹೊಲದಾಗ ಟಿಪ್ಪರ್ ಹೊಂಟಾವ್ರಿ. ಗಾಳಿಯಂತ್ರದ ಕಂಪನಿ ಕಾಂಟ್ರಾಕ್ಟರಂದು. ಹೆಸರಿನ ಬೆಳಿ ಗೇಣುದ್ದ ಬಂದಿತ್ತು, ಎಲ್ಲಾ ತುಳದು ಕೆಸರ ಮಾಡ್ಯಾರ. ಒಂದು ಟಿಪ್ಪರ್ ಹೂತು ನಿಂತೈತ್ರಿ."

"ಬಿತ್ತಿದ ಹೊಲದಾಗ ಯಾಕ ಹೋದ್ರೋ?"

"ಮ್ಯಾಪಿನ್ಯಾಗ ರೋಡ ಐತಿ ಅಂತಾರ್ರಿ. ಗಾಲಿ ಹೂಳಬಾರದಂತ ಶುಕ್ರವಾರ ಗರಸು ಹಾಕಸ್ತಾರಂತ."

ಗರಸು! ಎರೆಹೊಲದ ಮೇಲೆ ಒಮ್ಮೆ ಆ ಕೆಂಪು ಕಲ್ಲುಮಣ್ಣು ಹಾಕಿ ರೋಲರ್ ಓಡಿಸಿದರೆ ಆ ಪಟ್ಟಿ ಮತ್ತೆ ಹೊಲವಾಗುವುದಿಲ್ಲ. ಎರಡೂವರೆ ಎಕರೆ, ನಟ್ಟನಡುವೆ ಸೀಳಿಬಿಡುತ್ತದೆ. ಆಮೇಲೆ ಅದು ಹೊಲವಲ್ಲ, ರಸ್ತೆಯ ಆಚೀಚಿನ ಎರಡು ತುಂಡು. ಹನಮಂತವ್ವನಿಗೆ ಅದನ್ನು ಬಿಟ್ಟರೆ ಒಂದು ಗುಂಟೆಯೂ ಇಲ್ಲ.

ಹುಲಿಗೇಶನಿಗೆ ಆ ರಸ್ತೆ ಬರೆದವನು ಯಾರೆಂದು ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಜೂನ್ 25, ಬುಧವಾರ

ಹುಲಿಗೇಶನ ಪಕ್ಕದಲ್ಲಿ ಕುಳಿತು ಹೋದೆ. ಬದುವಿನ ಮೇಲೆ ಕೋಲೂರಿ ನಿಂತರೆ ಹೊಲದ ನಡುವೆ ಎರಡು ಆಳವಾದ ಕೆಸರಿನ ಜಾಡು. ಅಂಚಿನ ಹೆಸರಿನ ಬೆಳೆ ಚೆನ್ನಾಗಿಯೇ ಬಂದಿದೆ, ಅದನ್ನು ನೋಡಿ ಇನ್ನಷ್ಟು ಸಂಕಟವಾಯಿತು. ಹನಮಂತವ್ವ ಸೀರೆ ಎತ್ತಿ ಕಟ್ಟಿ, ತುಳಿದ ಸಸಿಗಳಲ್ಲಿ ಬದುಕಬಹುದಾದವನ್ನು ಒಂದೊಂದೇ ನೆಟ್ಟಗೆ ನಿಲ್ಲಿಸುತ್ತಿದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳು.

"ಕೊಟ್ರಾ, ಕಾಲ ಹೆಂಗೈತಿ?" ಎಂದಳು ಮೊದಲು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಹೇಳಿದಳು. ಕಾಂಟ್ರಾಕ್ಟರನ ಸೂಪರ್‌ವೈಸರ್ ಫೋನು ತೋರಿಸಿದನಂತೆ. ರೋಡ ಐತಿ, ನಿನ್ನ ಹೆಸರಿಲೇನ ಐತಿ, ಹೊಲ ಅಂತ ಹೆಂಗ ಅಂತಿ ಎಂದನಂತೆ.

"ನನ್ನ ಹೆಸರು ಯಾರ ಬರದ್ರೋ ಅದರಾಗ? ನಾ ಯಾರಿಗೂ ರೋಡ ಬರದು ಕೊಟ್ಟಿಲ್ಲ. ನೀನ ಹೇಳು, ನಿನ್ನ ಗಾಡಿ ಎಷ್ಟ ವರ್ಷ ಹೋತು ಇಲ್ಲಿಂದ?"

"ಇಪ್ಪತ್ತ ವರ್ಷ, ಯವ್ವಾ."

"ಒಂದ ಸಲನಾದ್ರೂ ಕೇಳದ ಹೋಗಿಯೇನ?"

ಇಲ್ಲ. ಒಂದು ಸಲವೂ ಇಲ್ಲ. ಪ್ರತಿ ಸಲ ಬದುವಿನ ಹತ್ತಿರ ಗಾಡಿ ನಿಧಾನ ಮಾಡಿ "ಹೋಗಲೇನವ್ವಾ?" ಎಂದು ಕೂಗುತ್ತಿದ್ದೆ. ಅವಳು ಕೈ ಎತ್ತುತ್ತಿದ್ದಳು. ಅವಳಿಲ್ಲದಿದ್ದರೆ ಪಕ್ಕದ ಹೊಲದವರಿಗೆ ಹೇಳಿ ಹೋಗುತ್ತಿದ್ದೆ. ಊರಿನವರೆಲ್ಲರೂ ಹಾಗೆಯೇ. ಸುಗ್ಗಿಯ ರಾಶಿ ಮುಗಿದ ಮೇಲೆ ಬಿತ್ತುವವರೆಗೆ, ಅದೂ ಕೇಳಿ. ಬಿತ್ತಿದ ದಿನದಿಂದ ಕೇಳುವುದೂ ಇಲ್ಲ, ಹೋಗುವುದೂ ಇಲ್ಲ. ಉಸಿರಾಡಿದಷ್ಟು ಸಲೀಸಾಗಿ ಕೇಳಿದ್ದರಿಂದ, ಕೇಳಿದ್ದೇ ನೆನಪಿನಲ್ಲಿ ಉಳಿಯಲಿಲ್ಲ. ಹೋಗಿದ್ದಷ್ಟೇ ಉಳಿಯಿತು.

"ಯಾರು ಬರದಿರಬೇಕೋ ಕೊಟ್ರಾ?"

"ಯಾರೋ ದೂರದವ್ರು ಇರಬೇಕವ್ವಾ" ಎಂದೆ.

ಹಾಗಂದೆ. ಇಲ್ಲಿ ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಜೂನ್ 26, ಗುರುವಾರ

ಬೆಳಿಗ್ಗೆಯೇ ರಸ್ತೆ ಅಳಿಸಿದೆ. ಒಂದು ಗುಂಡಿ ಒತ್ತಿದರೆ ಸಾಕು, ಹೋಯಿತು. ಹುಲಿಗೇಶನ ಫೋನಿನಲ್ಲಿ ನೋಡಿದರೆ ಇನ್ನೂ ಇದೆ! ಮಂಜವ್ವನ ಫೋನಿನಲ್ಲೂ ಇದೆ! ಸಮೀವುಲ್ಲಾನ ನಂಬರ್ ಕೇಳಿ ಫೋನು ಮಾಡಿದೆ. ಮೊದಲ ಸಲ ಅವನ ದನಿ ಕೇಳಿದ್ದು. ಹಿಂದೆ ಯಾರೋ ಸೀರೆಯ ಬಣ್ಣ ಕೇಳುತ್ತಿದ್ದರು.

"ಅಳಿಸಿದ್ದು ಎಲ್ಲಾರ ಫೋನಿಗೂ ಮುಟ್ಟಾಕ ಮೂರು ನಾಕು ದಿನ ಹಿಡೀತೈತ್ರಿ ಅಣ್ಣಾರ."

"ನಾಳಿ ಗರಸು ಬೀಳತೈತೋ ಮಾರಾಯಾ!"

"ಅದು ನನ್ನ ಕೈಯಾಗಿಲ್ರಿ. ತಪ್ಪು ನಂದೂ ಐತಿ. ಬೆಳಿ ಕಂಡಿದ್ದೆ, ನಿಮ್ಮ ಮಾತು ಕೇಳಿ ಬಿಟ್ಟೆ." ಮತ್ತೆ ಹೇಳಿದ, "ನೀವು ಹೋಗಿ ನಿಂತು ಹೇಳೂದ ಜಲ್ದಿ ಆಗತೈತ್ರಿ."

ಬರೆಯಲಿಕ್ಕೆ ಹತ್ತು ನಿಮಿಷ, ಅಳಿಸಲಿಕ್ಕೆ ನಾಲ್ಕು ದಿನ. ಯಾವ ಶನಿ ಇದನ್ನು ಕಂಡುಹಿಡಿದನೋ. ಸಂಜೆ ಮಂಜವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. "ನಾನೂ ಬರ್ತೀನಿ, ಕೆಸರಾಗ ಒಬ್ರ ಬಿದ್ದೀರಿ" ಎಂದಳು.

ಜೂನ್ 27, ಶುಕ್ರವಾರ

ನಾವು ಮುಟ್ಟುವ ಹೊತ್ತಿಗೆ ಒಂದು ಟಿಪ್ಪರ್ ಗರಸು ಸುರಿದಾಗಿತ್ತು. ಡಾಂಬರು ರಸ್ತೆಯ ಕಡೆಯ ಹೆಸರಿನ ಸಾಲುಗಳ ಮೇಲೇ ಕೆಂಪು ಗುಡ್ಡೆ. ಎರಡನೆಯ ಟಿಪ್ಪರ್ ಹಿಂದಕ್ಕೆ ಬರುತ್ತಿತ್ತು. ಹನಮಂತವ್ವ ಅದರ ಹಿಂದೆ ನಿಂತಿದ್ದಳು. ಊರಿನ ಹತ್ತಿಪ್ಪತ್ತು ಜನ ಬದುವಿನ ಮೇಲೆ.

ಸೂಪರ್‌ವೈಸರ್ ಫೋನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. "ನಾನೇನು ಸುಳ್ಳ ಹೇಳಾಕತ್ತೀನೇನ್ರಿ? ನೀವ ನೋಡ್ರಿ."

"ಅದನ್ನ ಬರದಾವ ನಾನು" ಎಂದೆ. ಕೇಳಿಸಲಿಲ್ಲ. ಟಿಪ್ಪರಿನ ಸದ್ದಿಗೆ ಮತ್ತೆ ಕೂಗಿ ಹೇಳಬೇಕಾಯಿತು. ಅಂಥ ಮಾತನ್ನು ಎರಡು ಸಲ ಹೇಳುವ ಕಷ್ಟ ಯಾರಿಗೂ ಬರಬಾರದು. "ಆ ರೋಡ ಬರದಾವ ನಾನು! ಮನ್ಯಾಗ ಮಂಚದ ಮ್ಯಾಲ ಕುಂತು ಬರದೆ. ಯಾರನ್ನೂ ಕೇಳಲಿಲ್ಲ. ಇಲ್ಲಿ ರೋಡ ಇಲ್ಲ, ಹಿಂದೂ ಇದ್ದಿದ್ದಿಲ್ಲ. ಇದು ಹೊಲ."

ನಾನು ಹನಮಂತವ್ವನ ಕಡೆ ನೋಡಲಿಲ್ಲ.

ಸೂಪರ್‌ವೈಸರ್ ನನ್ನನ್ನು, ನನ್ನ ಕೋಲನ್ನು ನೋಡಿದ. "ನೀವು ಹೇಳಿದ್ರ ಆತೇನ್ರಿ? ನಾಳೆ ಸಾಹೇಬ್ರು ಕೇಳಿದ್ರ ಏನ್ ತೋರಸ್ಲಿ? ಬರದು ಕೊಡ್ರಿ."

ಕೊಟ್ಟೆ. ಊರ ಹಿರಿಯರು ನಾಲ್ವರು ಸಾಕ್ಷಿ ಹಾಕಿದರು. ಟಿಪ್ಪರ್‌ಗಳು ಸುತ್ತು ದಾರಿಯಿಂದ ಹೋದವು. ಸುರಿದ ಗರಸು ತುಂಬಿಕೊಳ್ಳಲು ಯಂತ್ರ ಕಳಿಸುತ್ತೇನೆ ಎಂದವನು ಕಳಿಸಲಿಲ್ಲ.

ಹೊರಡುವಾಗ ಹನಮಂತವ್ವನ ಹತ್ತಿರ ಹೋದೆ. ಅವಳು ಮಂಜವ್ವನಿಗೆ ಮಾತ್ರ ಹೇಳಿದಳು: "ಇನ್ನ ಬ್ಯಾಸಿಗಿಗೂ ದಾರಿ ಇಲ್ಲ ಅಂತ ಹೇಳವ್ವಾ ಊರಿಗೆ. ಯಾರೂ ಕೇಳಬ್ಯಾಡ್ರಿ."

ಜುಲೈ 6, ಭಾನುವಾರ

ನಾನು, ಮಂಜವ್ವ, ಹುಲಿಗೇಶ, ಅಂಕಿತಾ. ಬುಟ್ಟಿಯಲ್ಲಿ ಗರಸು ತುಂಬಿ ಹೊರಗೆ ಹಾಕಿದೆವು. ಬೆಟಗೇರಿಯಿಂದ ಸಮೀವುಲ್ಲಾನೂ ಬಂದಿದ್ದ, ನಾನು ಅಂದುಕೊಂಡಷ್ಟು ಚಿಕ್ಕವನಲ್ಲ, ತಲೆ ಅರ್ಧ ಬೆಳ್ಳಗಾಗಿದೆ. ಸಂಜೆಯಾದರೂ ಕಾಲು ಭಾಗ ಮುಗಿದಿರಲಿಲ್ಲ. ಹನಮಂತವ್ವ ಬರಲಿಲ್ಲ. ನನ್ನ ಸೊಂಟ ಹೋಗಿದೆ.

ಜುಲೈ 20, ಭಾನುವಾರ

ಮತ್ತೆ ಗರಸು. ಹೊಲದ ಎರಡೂ ತುದಿಗೆ ಜಾಲಿಮುಳ್ಳು ಬಿದ್ದಿದೆ, ಎದೆ ಎತ್ತರಕ್ಕೆ.

ಆಗಸ್ಟ್ 10, ಭಾನುವಾರ

ಗರಸು ಮುಗಿಯಿತು. ಸಣ್ಣ ಕಲ್ಲು ಮಣ್ಣಿನಲ್ಲಿ ಉಳಿದೇ ಉಳಿದಿವೆ.

ಮಾರ್ಚ್ 11, 2026, ಬುಧವಾರ

ಈ ಪುಸ್ತಕ ಎಲ್ಲೋ ಬಿದ್ದಿತ್ತು. ಗಾಡಿಯ ಕಾಗದ ಹುಡುಕುವಾಗ ಇವತ್ತು ಸಿಕ್ಕಿತು.

ಬೇಸಿಗೆ ಬಂದಿದೆ. ಊರಿನವರೆಲ್ಲ ಮೇವು, ಹೊಟ್ಟು, ಗೊಬ್ಬರ ಹೇರಿಕೊಂಡು ಐದು ಕಿಲೋಮೀಟರ್ ಸುತ್ತುತ್ತಿದ್ದಾರೆ. ಹನಮಂತವ್ವನಿಗೆ ಯಾರೂ ಏನೂ ಅನ್ನುವುದಿಲ್ಲ. ನನಗೆ ಅನ್ನುತ್ತಾರೆ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ "ಬಂದ್ರಪಾ ರೋಡ್ ಎಂಜಿನಿಯರು" ಎನ್ನುತ್ತಾರೆ. ಅನ್ನಲಿ. ನಕ್ಷೆಯ ಕೆಲಸ ಬಿಟ್ಟಿಲ್ಲ, ಆದರೆ ಬಹಳ ನಿಧಾನ. ಒಂದು ಗೆರೆಗೆ ಮೂರು ಸಲ ಹೋಗಿ ನೋಡಿ ಬರುವ ಹೊತ್ತಿಗೆ ಡೀಸೆಲ್ಲೂ ಮುಗಿಯುತ್ತದೆ, ತಾಳ್ಮೆಯೂ ಮುಗಿಯುತ್ತದೆ. ಎರಡು ತಿಂಗಳಲ್ಲಿ ನಾಲ್ಕೇ ರಸ್ತೆ. ಸಮೀವುಲ್ಲಾ ಯಾಕೋ ಈಗ ನನಗೇ ಫೋನು ಮಾಡಿ ಅನುಮಾನ ಕೇಳುತ್ತಾನೆ, ತಲೆ ತಿನ್ನುತ್ತಾನೆ.

ಇವತ್ತು ಅಡರಕಟ್ಟಿಗೆ ದನದ ಹಿಂಡಿ ಒಯ್ಯುವುದಿತ್ತು. ಡಾಂಬರು ರಸ್ತೆಯಲ್ಲಿ ಹೋಗುವಾಗ ಮುಳ್ಳಿನ ಆಚೆ ಬೇವಿನ ಗಿಡದ ಕೆಳಗೆ ಹನಮಂತವ್ವ ಒಬ್ಬಳೇ ಕುಳಿತಿದ್ದು ಕಂಡಿತು. ಜೋಳ ಕೊಯ್ದು ಹೊಲ ಬರಿದಾಗಿತ್ತು. ಮುಂಚೆ ಈ ದಿನಗಳಲ್ಲಿ ಹತ್ತು ನಿಮಿಷಕ್ಕೊಬ್ಬರು ಅವಳನ್ನು ಕೂಗಿ ಹೋಗುತ್ತಿದ್ದರು. ಯಾಕೆ ನಿಲ್ಲಿಸಿದೆನೋ ಗೊತ್ತಿಲ್ಲ, ಗಾಡಿ ನಿಲ್ಲಿಸಿ ಇಳಿದೆ. ಮುಳ್ಳಿನ ಈಚೆ ನಿಂತು ಕೂಗಿದೆ.

"ಹೋಗಲೇನವ್ವಾ?"

ಎಂಟು ತಿಂಗಳಲ್ಲಿ ಅವಳ ಜೊತೆ ಆಡಿದ ಮೊದಲ ಮಾತು. ಅವಳು ಬಹಳ ಹೊತ್ತು ಅಲ್ಲಾಡಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು, ಕಾಲು ಹಳೆಯ ಜಾಗದಲ್ಲೇ ನೋಯುತ್ತಿತ್ತು. ಬೇಡವೆಂದಾದರೂ ಅನ್ನಬಾರದೇ ಎಂದು ಸಿಟ್ಟು ಬಂತು. ಆಮೇಲೆ ಎದ್ದು ನಿಧಾನವಾಗಿ ಮುಳ್ಳಿನವರೆಗೆ ಬಂದಳು.

"ಮ್ಯಾಪಿನ್ಯಾಗ ಐತೇನ?"

"ಇಲ್ಲವ್ವಾ."

"ಖರೇನ?"

"ಖರೇನ ಇಲ್ಲ."

"ಆ ಫೋನು?"

ಫೋನು ಗಾಡಿಯಲ್ಲಿ ಮಾತಾಡುತ್ತಲೇ ಇತ್ತು. ಅದನ್ನಿಟ್ಟುಕೊಂಡು ಹೋದರೆ ಹೋದಲ್ಲೆಲ್ಲ ಅದರ ಜಾಡು ಉಳಿಯುತ್ತದೆ, ಆ ಜಾಡು ನೋಡಿ ಎಲ್ಲೋ ಕುಳಿತ ಇನ್ನೊಬ್ಬ ಗೆರೆ ಎಳೆದರೂ ಎಳೆದ. ಹೋಗಿ ಪೂರ್ತಿ ಬಂದ್ ಮಾಡಿ, ಕಪ್ಪಾದ ಪರದೆಯನ್ನು ಅವಳಿಗೆ ತೋರಿಸಿದೆ.

ಅವಳು ಕವೆಗೋಲಿನಿಂದ ಮುಳ್ಳಿನ ಕಂಟಿಯನ್ನು ಎತ್ತಿ ಪಕ್ಕಕ್ಕೆ ಸರಿಸಿದಳು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ಗಾಡಿ ದಾಟಿಸಿ ಕನ್ನಡಿಯಲ್ಲಿ ನೋಡಿದೆ. ಮುಳ್ಳನ್ನು ಮತ್ತೆ ಎಳೆದು ಮುಚ್ಚುತ್ತಿದ್ದಳು.

"ಯವ್ವಾ, ನಾಳೆನೂ ಬರೂದೈತಿ" ಎಂದು ಕೂಗಿದೆ.

"ನಾಳೆ ಬರೂದಿದ್ರ ನಾಳೆ ಕೇಳು."

ನಾಳೆ ಇನ್ನೂ ಮೂವತ್ತು ಚೀಲ ಹಿಂಡಿ ಒಯ್ಯುವುದಿದೆ.